ಸೊನ್ನೆ ಸುತ್ತು

ಅಣ್ಣನ ಬೈಕ್ ರೇಸಿಗೆ ಹೊರಟ ಮೇಲೆ, ಅದು ನಿಂತಿದ್ದ ಜಾಗದಲ್ಲಿ ಬ್ರೇಕ್ ಎಣ್ಣೆ ಕಂಡೆ. ಉಳಿದ ಸುತ್ತುಗಳನ್ನು ಬೋರ್ಡಿನ ಮೇಲೆ ಬರೆದು ಅವನಿಗೆ ತೋರಿಸುವುದು ನನ್ನ ಕೆಲಸ.

“ಸರ್, ಅವನನ್ನ ಒಳಗೆ ಕರೀರಿ. ಬ್ರೇಕ್ ಎಣ್ಣೆ ಸೋರ್ತಿದೆ.”

“ಫಸ್ಟ್ ಇದಾನೆ ಕಣಮ್ಮ! ಇನ್ನೆರಡೇ ಸುತ್ತು. ಬಾಯ್ಮುಚ್ಕೊಂಡು ಬೋರ್ಡ್ ಹಿಡಿ,” ಎಂದರು ಮುಖ್ಯ ಮೆಕ್ಯಾನಿಕ್.

ಎರಡನ್ನು ಒರೆಸಿ ಸೊನ್ನೆ ಬರೆದು ಅಣ್ಣನಿಗೆ ತೋರಿಸಿದೆ. ಗೆದ್ದೆನೆಂದು ಅಣ್ಣ ಕೈಯೆತ್ತಿ ನಿಧಾನಿಸಿದ. ಹಿಂದಿದ್ದವರೆಲ್ಲ ಅವನನ್ನು ದಾಟಿ ಹೋದರು.

ಅವನು ಒಳಗೆ ಬಂದಾಗ ಮೆಕ್ಯಾನಿಕ್ ಬಗ್ಗಿ ಬೈಕ್ ನೋಡಿದರು.

“ಒಂದು ಹನೀನೂ ಸೋರಿಲ್ಲ. ಪುಣ್ಯಾತ್ಗಿತ್ತಿ, ಗೆದ್ದ ರೇಸ್ ಕಳೆದ್ಯಲ್ಲೇ!”

“ಮತ್ತೆ ಈ ಎಣ್ಣೆ ಯಾರ್ದು?” ಎಂದ ಅಣ್ಣ.

ಅಷ್ಟರಲ್ಲಿ ಎಲ್ಲರಿಗಿಂತ ಮುಂದಿದ್ದ ಬೈಕ್, ಬೆಳಿಗ್ಗೆ ನಮ್ಮ ಪಕ್ಕಕ್ಕೇ ಒತ್ತಿ ನಿಲ್ಲಿಸಿದ್ದದ್ದು, ಕಡೆಯ ತಿರುವಿಗೆ ಬಂತು. ನಿಧಾನವಾಗಲೇ ಇಲ್ಲ.