ಚಿಗವ್ವನ ತೋಳಿನ ಕಲೆ

ಗಂಜಿ ಹಾಕಿದ ನೂಲಿನ ವಾಸನೆ ಬಂದರೆ ಈಗಲೂ ನನಗೆ ಗುಳೇದಗುಡ್ಡದ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ನಮ್ಮ ನಾಯಿಮರಿ ಮೋತಿ ಕಂಡವರ ಕೈಕಾಲಿಗೆಲ್ಲ ಬಾಯಿ ಹಾಕುತ್ತಿತ್ತು. ನನ್ನ ಬೆರಳ ತುಂಬ ಸೂಜಿ ಗೀರಿದಂಥ ಗೆರೆಗಳು. "ಕೈ ಜಗ್ಗಬ್ಯಾಡ ತಂಗಿ, ಜಗ್ಗಿದ್ರ ಅದಕ್ಕ ಆಟ ಆಗ್ತದ. ಸುಮ್ಮನ ನಿಂತು ಇದನ್ನ ಕೊಡು," ಎಂದು ಅಜ್ಜಿ ಖಣದ ಬಟ್ಟೆಯ ಚೂರುಗಳನ್ನು ಗಂಟು ಕಟ್ಟಿ ಕೊಟ್ಟಿದ್ದಳು. ಕೆಲವೇ ದಿನಗಳಲ್ಲಿ ಮರಿ ಕೈ ಬಿಟ್ಟು ಗಂಟನ್ನು ಕಚ್ಚುವುದು ಕಲಿತಿತ್ತು.

ಆ ಮಧ್ಯಾಹ್ನ ಚಿಗವ್ವ ಮಗ್ಗದ ಪಕ್ಕ ನೂಲು ಸುತ್ತುತ್ತಿದ್ದಳು. ಕಾಕಾನನ್ನು ಮದುವೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಸೆರಗು ಸರಿದು ತೋಳಿನ ಮೇಲೆ ನೀಲಿ ಕಲೆಗಳು ಕಂಡವು.

"ಏನವ್ವ ಅದು?" ಅಜ್ಜಿ ಕೇಳಿದಳು.

ಚಿಗವ್ವ ತಲೆ ಎತ್ತಲಿಲ್ಲ. "ಮೋತಿ ಕಚ್ಚೈತ್ರಿ, ಅತ್ತಿ."

ಮಗ್ಗದಲ್ಲಿ ಕೂತಿದ್ದ ಕಾಕಾ ತಟ್ಟನೆ ಹೇಳಿದ: "ಆ ನಾಯಿನ್ನ ಕೆರೂರ ಸಂತಿಯೊಳಗ ಬಿಟ್ಟು ಬರ್ತೇನಿ."

ನಾನು ಅಳತೊಡಗಿದೆ. ಅಜ್ಜಿ ಮೋತಿಯನ್ನು ಕರೆದು ತನ್ನ ಮುಂಗೈಯನ್ನೇ ಅದರ ಬಾಯಿಗೆ ಕೊಟ್ಟಳು. ಅದು ನೆಕ್ಕಿ ಸುಮ್ಮನಾಯಿತು. ನನ್ನ ಬೆರಳುಗಳನ್ನು ಚಿಗವ್ವನ ತೋಳಿನ ಪಕ್ಕ ಹಿಡಿದು ಅಜ್ಜಿ ಎರಡೂ ಗುರುತುಗಳನ್ನು ಹೋಲಿಸಿ ನೋಡಿದಳು. ಆಮೇಲೆ ಕಾಕಾನ ಕಡೆ ತಿರುಗಿದಳು.

"ನಾಯಿಮರಿ ಹಲ್ಲು ಹೆಬ್ಬೆರಳಷ್ಟು ದಪ್ಪ ಇರೂದಿಲ್ಲಪಾ," ಎಂದಳು.

ಕಾಕಾ ತಲೆ ತಗ್ಗಿಸಿ ಮತ್ತೆ ಮಗ್ಗ ನಡೆಸತೊಡಗಿದ.

"ಸೊಸಿನ್ನ ತವರಿಗೆ ನಾನ ಕರಕೊಂಡು ಹೋಗ್ತೇನಿ. ಈಗ ಬಸ್ಸೈತಿ."

ಅಜ್ಜಿ ಚಪ್ಪಲಿ ಮೆಟ್ಟುವಷ್ಟರಲ್ಲಿ ಚಿಗವ್ವ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು.