ಕಾಮಣ್ಣನ ಪಾಲಾದ ಈಜಿಚೇರು

ಗೋಪಾಳ ಬಡಾವಣೆಯ ನಮ್ಮ ಬೀದಿಯಲ್ಲಿ ಯಾರೋ ಹಳೆಯ ಕಿಟಕಿ ಸುಡುತ್ತಿದ್ದಾರೆ. ವಾರ್ನಿಷ್ ಸುಟ್ಟ ವಾಸನೆಗೆ ಎಲ್ಲರೂ ಮೂಗು ಮುಚ್ಚಿಕೊಂಡರೆ ನಾನು ಮಾತ್ರ ಉಸಿರೆಳೆದುಕೊಳ್ಳುತ್ತೇನೆ.

ನಾನು ಚಿಕ್ಕವಳಿದ್ದಾಗ ಭದ್ರಾವತಿಯ ಓಲ್ಡ್ ಟೌನಿನಲ್ಲಿ ನಮ್ಮ ಎದುರುಮನೆಯ ರುದ್ರಪ್ಪನವರು ದಿನವಿಡೀ ಜಗಲಿಯ ಈಜಿಚೇರಿನಲ್ಲಿ ಕೂತು ಬೀದಿ ಕಾಯುತ್ತಿದ್ದರು. ಪ್ರೇಮಿಗಳ ದಿನ ಅಪ್ಪನ ತಂಗಿ ಶೈಲತ್ತೆ ಕಾಲೇಜಿನಿಂದ ಗುಲಾಬಿ ಹಿಡಿದು ಬಂದದ್ದನ್ನು ಅಜ್ಜನ ಕಿವಿಗೆ ಹಾಕಿದವರು ಅವರೇ. ಅಜ್ಜ ಕಾಲೇಜು ಬಿಡಿಸಿದರು. ಅತ್ತೆ ದೊಡ್ಡವರ ಜೊತೆ ಮಾತು ಬಿಟ್ಟಳು.

ಕಾಮನ ಹಬ್ಬ ಬಂತು. ಕಾಮಣ್ಣನನ್ನು ಸುಡಲು ಮಕ್ಕಳೆಲ್ಲ ಮನೆಮನೆಯ ಸೌದೆ ಕದಿಯುತ್ತಿದ್ದೆವು. ಆ ಮಧ್ಯಾಹ್ನ ನನ್ನ ಜಡೆಯನ್ನು ಬಿಗಿಯಾಗಿ ಹೆಣೆಯುತ್ತ ಅತ್ತೆ ಕೇಳಿದಳು: "ಶಿವ ಕಾಮನ್ನ ಯಾಕೆ ಸುಟ್ಟ ಗೊತ್ತೇನೇ?"

"ಪ್ರೀತಿ ಹುಟ್ಟಿಸೋಕೆ ಬಂದಿದ್ದಕ್ಕೆ."

"ಹುಟ್ಟಿಸೋನನ್ನ ವರ್ಷಾ ವರ್ಷಾ ಸುಡ್ತಾರೆ. ಕೆಡಿಸಿದೋರು ಉಂಡು ಒಳಗೆ ಮಲಗಿದ್ದಾರೆ. ಚೇರು ಜಗಲೀಲೇ ಇದೆ, ನೋಡು."

ನಾವು ಹೊತ್ತು ತಂದೆವು. ತಲೆಯಿಡುವ ಜಾಗದಲ್ಲಿ ಬಟ್ಟೆಗೆ ಹರಳೆಣ್ಣೆಯ ಜಿಡ್ಡು ಹತ್ತಿತ್ತು. ಸಂಜೆ ಬೆಂಕಿಗೆ ಮೊದಲು ಹೊತ್ತಿಕೊಂಡದ್ದು ಅದೇ; ಆಮೇಲೆ ಮರದ ವಾರ್ನಿಷ್ ಸುಟ್ಟ ವಾಸನೆ ಬೀದಿಗೆಲ್ಲ ಹರಡಿತು.

ರುದ್ರಪ್ಪನವರು ಓಡಿ ಬಂದರು. "ನನ್ನ ಚೇರು ಕಣಯ್ಯ ಅದು."

ಅಜ್ಜ ಅವರ ಭುಜ ಹಿಡಿದು ನಕ್ಕರು. "ಕಾಮಣ್ಣನಿಗೆ ಹೋದದ್ದನ್ನ ವಾಪಸ್ ಕೇಳೋ ಹಾಗಿಲ್ಲ ಮಾರಾಯ."

ಹುಡುಗರು ಪದ್ಧತಿಯಂತೆ ಲಬೋ ಲಬೋ ಎಂದು ಬಾಯಿ ಬಡಿದುಕೊಂಡರು. ಹೆಂಗಸರು ಹಾಗೆ ಮಾಡುತ್ತಿರಲಿಲ್ಲ. ಶೈಲತ್ತೆ ಗುಂಪು ಸರಿಸಿಕೊಂಡು ಬಂದು, ರುದ್ರಪ್ಪನವರ ಎದುರಿಗೇ ನಿಂತು, ಬಾಯಿ ಬಡಿದುಕೊಳ್ಳತೊಡಗಿದಳು. ಹುಡುಗರು ಸುಮ್ಮನಾದರೂ ಅವಳು ನಿಲ್ಲಿಸಲಿಲ್ಲ.

ಚೇರು ಪೂರ್ತಿ ಬೂದಿಯಾದ ಮೇಲೆ, ಬಾಯಿ ಬಡಿದುಕೊಳ್ಳುತ್ತಲೇ ಅಜ್ಜನ ಕಡೆಗೆ ತಿರುಗಿದಳು.