ಕೂಸು ಹೋದ ದಿನದ ಮಲ್ಲಿಗೆ

ಕೂಸು ಹೋಯಿತೆಂದು ಸುದ್ದಿ ಬಂದ ದಿನವೇ ಚನ್ನಮಲ್ಲಮ್ಮ ಮಲ್ಲಿಗೆ ತರಿಸಿದಳು. ಕಟ್ಟಿದ ಮಾಲೆಯಲ್ಲ, ಅರ್ಧ ಕಿಲೋ ಬಿಡಿ ಮೊಗ್ಗು. ಸತ್ಯಮಂಗಲದಿಂದ ದಿಂಬಂ ಹತ್ತಿ ಬರುವ ಬಸ್ಸಿನಲ್ಲಿ ಬಂತು.

ದೊಡ್ಡಗಾಜನೂರಿನ ಆ ಬೀದಿಯೆಲ್ಲ ಅದನ್ನು ನೋಡಿತು.

"ಮೊಮ್ಮಗ ಓಗವ್ನೆ, ಇವಳಿಗೆ ಊವು ಬೇಕಂತೆ ಕಣವ್ವ," ಎಂದಳು ಎದುರುಮನೆಯ ಪುಟ್ಟನಂಜಮ್ಮ, ಕೇಳಿಸಲೆಂದೇ. "ಮಗನಿಗೆ ಇನ್ನೊಂದು ಎಣ್ಣು ನೋಡವ್ಳೋ ಏನೋ."

ಚನ್ನಮಲ್ಲಮ್ಮ ತಿರುಗಿ ನೋಡಲಿಲ್ಲ. ಅವಳ ಕಣ್ಣಿನಲ್ಲಿ ಒಂದು ಹನಿಯೂ ಇರಲಿಲ್ಲ.

ಕೂಸಿಗೆ ಒಂಬತ್ತು ದಿನ. ಹುಟ್ಟಿದಾಗ ಚೆನ್ನಾಗಿಯೇ ಇತ್ತು. ನಾಲ್ಕನೆಯ ದಿನ ಮೈ ಹಳದಿಯಾಯಿತು, ಕುಡಿದದ್ದು ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಚಾಮರಾಜನಗರದ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿತು. ಸಂಜೆಯೊಳಗೆ ತಂದು ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ಲಿಂಗ ಕಟ್ಟಿರಲಿಲ್ಲ, ಹೆಸರಿಟ್ಟಿರಲಿಲ್ಲ. ಆದ್ದರಿಂದ ಆ ಮನೆಯ ರೂಢಿಯಂತೆ ಕ್ರಿಯೆಯೂ ಇಲ್ಲ, ಗುರುತಿನ ಕಲ್ಲೂ ಇಲ್ಲ.

"ಎಸರಿಡೋ ಮುಂಚೆ ಓಗಿದ್ದು ಮನೆಗೆ ಬಂದದ್ದೇ ಅಲ್ಲ," ಎಂದ ಚನ್ನಮಲ್ಲಮ್ಮನ ಗಂಡ ವೃಷಭೇಂದ್ರ, ಕೈಯ ಮಣ್ಣು ಒರೆಸಿಕೊಳ್ಳುತ್ತ. "ಯಾರೂ ಅಳಬ್ಯಾಡಿ."

ಮನೆಗೆ ಬಂದು ಚನ್ನಮಲ್ಲಮ್ಮ ಸೊಸೆ ಪವಿತ್ರಳ ಕೋಣೆಗೆ ಹೋದಳು. ಮೊಗ್ಗುಗಳನ್ನು ಹಳೆಯ ಬಟ್ಟೆಯಲ್ಲಿ ಹರಡಿ ಅವಳ ಎದೆಗೆ ಒತ್ತಿ ಕಟ್ಟಿದಳು. ಕುಡಿಯುವ ಬಾಯಿಲ್ಲದ ಮೇಲೆ ಹಾಲು ಬತ್ತಲೇಬೇಕು, ಅದಕ್ಕೆ ಮಲ್ಲಿಗೆಯೇ ಮದ್ದು.

"ಮೂರು ದಿನ ನೋಯ್ತದೆ. ನಾಕನೇ ದಿನ ಏನೂ ಗೊತ್ತಾಗಕಿಲ್ಲ," ಎಂದಳು. ಅಷ್ಟೇ. ಗಂಟು ಬಿಗಿದು ಎದ್ದು ಹೋದಳು.

ಅತ್ತೆಯ ಎದೆಯಲ್ಲಿರುವುದು ಕಲ್ಲು ಎಂದುಕೊಂಡಳು ಪವಿತ್ರ.

ಇಪ್ಪತ್ತು ದಿನ ಕಳೆದ ಮೇಲೆ ಡಾಕ್ಟರ್ ಶಾಂಭವಿ ಬಂದಳು. ಮೈಸೂರಿನ ಸಂಶೋಧಕಿ. ವಂಶದಲ್ಲಿ ಇಳಿದು ಬರುವ ಹುಟ್ಟುಕಾಯಿಲೆಗಳನ್ನು ಹುಡುಕುತ್ತ ಎರಡು ವರ್ಷದಿಂದ ತಾಳವಾಡಿ ಬೆಟ್ಟದ ಊರುಗಳನ್ನು ಸುತ್ತುತ್ತಿದ್ದಳು. ಕೂಸಿನ ಹಿಮ್ಮಡಿಯಿಂದ ತೆಗೆದ ರಕ್ತದ ಹನಿ, ಕಾಗದದ ಮೇಲೆ ಒಣಗಿ, ಅವಳ ಲ್ಯಾಬನ್ನು ತಲುಪಿತ್ತು.

"ಹಾಲಿನಲ್ಲಿರುವ ಸಕ್ಕರೆಯನ್ನು ಅರಗಿಸುವ ಶಕ್ತಿ ಕೂಸಿಗಿರಲಿಲ್ಲ. ಹಾಲೇ ಅದಕ್ಕೆ ವಿಷವಾಯಿತು. ಯಾರ ತಪ್ಪೂ ಅಲ್ಲ. ಮುಂದಿನ ಕೂಸಿಗೂ ಹಾಗೇ ಇದ್ದರೆ, ಮೊದಲ ದಿನದಿಂದಲೇ ಹಾಲಿನ ಬದಲು ಬೇರೆ ಪುಡಿ ಕೊಟ್ಟು ಉಳಿಸಿಕೊಳ್ಳಬಹುದು."

"ಮುಂದಿನದಾ?" ಎಂದ ವೃಷಭೇಂದ್ರ. "ಅವಳ ಆಲೇ ವಿಸ ಅಂತ ನೀವೇ ಏಳ್ತಾ ಇದ್ದೀರಿ. ನಾಳಿಕ್ಕೆ ಗೆಟ್ಟವಾಡಿಗೆ ಕಳಿಸ್ತೀವಿ. ಇನ್ನು ತವರಲ್ಲೇ ಇರ್ಲಿ."

ಪವಿತ್ರಳ ಟ್ರಂಕು ಆಗಲೇ ಜಗಲಿಗೆ ಬಂದಿತ್ತು. ಅವಳು ಬಾಗಿಲ ಹಿಂದೆ ನಿಂತಿದ್ದಳು.

"ಇದು ಅವಳೊಬ್ಬಳಿಂದ ಬರುವ ಕಾಯಿಲೆಯಲ್ಲ. ಗಂಡನ ಕಡೆಯಿಂದಲೂ ಬರಬೇಕು. ನಿಮ್ಮ ಮಗ ರಕ್ತ ಕೊಟ್ಟರೆ ತೋರಿಸುತ್ತೇನೆ."

ಮಗ ಸೋಮಶೇಖರ್ ತಲೆಯೆತ್ತಿದ. "ಕೊಡ್ತೀನಿ ಬುಡಪ್ಪ, ಒಂದು ತೊಟ್ಟು ತಾನೆ..."

"ಸುಮ್ಕಿರ್ಲಾ. ನಿನ್ನ ಯಾರು ಕೇಳುದ್ರು?" ವೃಷಭೇಂದ್ರ ಶಾಂಭವಿಯ ಕಡೆ ತಿರುಗಿದ. "ನಮ್ಮ ವಂಸದಲ್ಲಿ ಇಂಥಾದ್ದು ಇಲ್ಲ ಮೇಡಂ. ಓದ್ ವರ್ಸ ಬಂದಾಗ್ಲೇ ಬರಸಿಲ್ವಾ?"

ಬರೆಸಿದ್ದು ನಿಜ. ಶಾಂಭವಿ ಆ ವಂಶಾವಳಿಯ ಹಾಳೆಯನ್ನು ಬಿಡಿಸಿದಳು. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ. ವೃಷಭೇಂದ್ರ ಅಕ್ಕನ ಮಗಳನ್ನೇ ತಂದುಕೊಂಡವನು. ಅದಕ್ಕಾಗಿ ಗಂಡಹೆಂಡಿರ ನಡುವೆ ಜೋಡಿಗೆರೆ. ಕೆಳಗೆ ಮಕ್ಕಳು ಇಬ್ಬರು: ಸೋಮಶೇಖರ್, ಅವನ ತಂಗಿ. ಸತ್ತ ಮಕ್ಕಳು: ಇಲ್ಲ. ಆ ಒಂದು 'ಇಲ್ಲ'ವನ್ನು ನಂಬಿ, ಹುಟ್ಟಿದ ದಿನವೇ ರಕ್ತ ಪರೀಕ್ಷಿಸಬೇಕಾದ ಕೂಸುಗಳ ಪಟ್ಟಿಗೆ ಅವಳು ಈ ಮನೆಯನ್ನು ಸೇರಿಸಿರಲಿಲ್ಲ.

"ಅಮ್ಮ, ಇನ್ನೊಂದು ಸಲ ಕೇಳುತ್ತೇನೆ. ನಿಮಗೆ ಎಷ್ಟು ಮಕ್ಕಳು?"

"ಎರಡೇ ಅನ್ನು," ಎಂದ ವೃಷಭೇಂದ್ರ. ತನ್ನ ಲೆಕ್ಕದಲ್ಲಿ ಅವನು ಸುಳ್ಳು ಹೇಳುತ್ತಿರಲಿಲ್ಲ.

ಚನ್ನಮಲ್ಲಮ್ಮ ಎದ್ದು ಟ್ರಂಕನ್ನು ಒಳಕ್ಕೆ ಎಳೆದುಕೊಂಡು ಹೋಗಿ ಇಟ್ಟು ಬಂದಳು. ಮಗನ ತೋಳು ಹಿಡಿದು ತಂದು ಶಾಂಭವಿಯ ಎದುರು ಕೂರಿಸಿದಳು. ಕೊರಳ ಲಿಂಗವನ್ನು ಎಡ ಅಂಗೈಗೆ ತೆಗೆದುಕೊಂಡು ಕಣ್ಣು ಮುಚ್ಚಿದಳು.

"ಮಾದಪ್ಪ, ಪವಿತ್ರನ ಕೂಸಿಗೆ ನಿನ್ನ ಪಾದದಲ್ಲಿ ಜಾಗ ಕೊಡು, ನನ್ನ ಒಟ್ಟೇಲೂ ಉಟ್ಟಿ, ಇಂಗೇ ಅಳದಿಯಾಗಿ, ಅದೇ ಬದುವಿನ ಮಣ್ಣಲ್ಲಿ ಮಲಗಿರೋ, ನಾನೊಬ್ಳೇ ಎಸರಿಟ್ಟುಕೊಂಡ ನನ್ನ ಗುರುಮಲ್ಲನಿಗೂ, ಗೌರನಿಗೂ, ಕೊನೇದು ಸಣ್ಣಮಲ್ಲನಿಗೂ ಸಾಂತಿ ಕೊಡಪ್ಪ."